ಜನ ತುಂಬಿದ ದೋಣಿಯಲ್ಲಿ ಲೂರ್ (ಗಾಳ ಕಟ್ಟಿದ ಕೃತಕ ಎರೆ) ಎಸೆಯುವ ಕ್ರಮ ಯಾವುದು?

ಪ್ರಶ್ನೆ:
ದಡದಲ್ಲಿ ನಿಂತು ಗಾಳ ಹಾಕಿ ನನಗೆ ಅಭ್ಯಾಸವಿದೆ. ಇಪ್ಪತ್ತಕ್ಕೂ ಹೆಚ್ಚು ಹವ್ಯಾಸಿಗಳು ಒಟ್ಟಿಗೆ ಹೋಗುವ ದೋಣಿಯನ್ನು ಹತ್ತಿದ್ದು ಕಳೆದ ವಾರವೇ ಮೊದಲು. ಮೀನಿನ ಹಿಂಡು ನೀರಿನ ಮೇಲೆ ಕಂಡೊಡನೆ ನಾನು ತಲೆಯ ಮೇಲಿಂದ ಕೋಲು ಬೀಸಿದಾಗ, ಹಿಂದೆ ಹಾದುಹೋಗುತ್ತಿದ್ದವರ ಟೋಪಿಗೆ ಲೂರ್‌ನ ಮೂರು ಮೊನೆಯ ಗಾಳ ಸಿಕ್ಕಿಕೊಂಡಿತು. ಅವರಿಗೆ ಗಾಯವಾಗಲಿಲ್ಲ, ಆದರೆ ಗಾಳಕ್ಕೂ ಕಣ್ಣಿಗೂ ಎರಡು ಬೆರಳಿನಷ್ಟೇ ಅಂತರವಿತ್ತು. ಹೇಗೆ ಎಸೆಯಬೇಕು, ಪಕ್ಕದವರ ದಾರಕ್ಕೆ ನನ್ನ ದಾರ ಸುತ್ತಿಕೊಂಡರೆ ಏನು ಮಾಡಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1:
ತಲೆಯ ಮೇಲಿಂದ ಎಸೆಯುವುದನ್ನು ಅನೇಕ ದೋಣಿಗಳಲ್ಲಿ ನಿಷೇಧಿಸಿರುತ್ತಾರೆ; ಆದ್ದರಿಂದ ಹೊರಡುವ ಮೊದಲೇ ಸಿಬ್ಬಂದಿಯನ್ನು ಕೇಳಿಕೊಳ್ಳಿ. ಲೂರ್ ಕಟಕಟೆಯ ಹೊರಗೆ, ನೀರಿನ ಮೇಲೆಯೇ ತೂಗುವಂತೆ ಹಿಡಿದು, ಕೆಳಗಿನಿಂದ ಮುಂದಕ್ಕೆ ತೂಗಿ ಬಿಡುವುದನ್ನು ರೂಢಿಸಿಕೊಂಡರೆ ಗಾಳವು ಜನರಿರುವ ಕಡೆಗೆ ಬರುವ ಪ್ರಮೇಯವೇ ಇರುವುದಿಲ್ಲ. ದೂರ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ. ಪ್ರತಿ ಬಾರಿಯೂ ಎರಡೂ ಪಕ್ಕ ಮತ್ತು ಹಿಂದೆ ತಿರುಗಿ ನೋಡಿ, "ಎಸೆಯುತ್ತಿದ್ದೇನೆ" ಎಂದು ಗಟ್ಟಿಯಾಗಿ ಹೇಳಿ; ಅರ್ಧ ನಿಮಿಷದ ಹಿಂದೆ ನೋಡಿದ್ದು ಸಾಲದು, ಏಕೆಂದರೆ ಹಿಂಡು ಕಂಡಾಗ ಎಲ್ಲರೂ ಓಡಾಡುತ್ತಿರುತ್ತಾರೆ. ಓರೆಯಾಗಿ ಎಸೆಯದೆ ನೇರ ಮುಂದಕ್ಕೆ ಎಸೆದರೆ ದಾರಗಳು ಸುತ್ತಿಕೊಳ್ಳುವುದೂ ಬಹುಮಟ್ಟಿಗೆ ತಪ್ಪುತ್ತದೆ. ಜಾಗ ಬದಲಿಸುವಾಗ ಲೂರ್ ಅನ್ನು ಕೋಲಿಗೆ ಸಿಕ್ಕಿಸಿ, ಕೋಲನ್ನು ನೆಟ್ಟಗೆ ಹಿಡಿದು ನಡೆಯಿರಿ.

ಉತ್ತರ 2:
ಮೇಲಿನ ಮಾತುಗಳೆಲ್ಲ ಸರಿ, ಆದರೆ ಎಸೆಯುವಾಗಿನ ಅಪಾಯವನ್ನು ಎಲ್ಲರೂ ಹೇಳುತ್ತಾರೆ, ಎಳೆಯುವಾಗಿನದನ್ನು ಮರೆಯುತ್ತಾರೆ. ಮೀನು ದೋಣಿಯ ಪಕ್ಕಕ್ಕೆ ಬಂದು ತಲೆ ಕೊಡವಿದಾಗ ಗಾಳ ಕಳಚಿದರೆ, ಬಾಗಿದ ಕೋಲು ಮತ್ತು ಬಿಗಿದ ದಾರ ಸೇರಿ ಆ ಭಾರದ ಲೂರ್ ಅನ್ನು ಕವಣೆಯ ಕಲ್ಲಿನಂತೆ ಕಟಕಟೆಯ ಮೇಲೆ ಬಾಗಿದವರ ಮುಖಕ್ಕೇ ಹಾರಿಸುತ್ತವೆ. ಹಾಗಾಗಿ ಮೀನನ್ನು ಕೋಲಿನಿಂದ ಎತ್ತಬೇಡಿ, ಬಲೆಯವರನ್ನು ಕರೆಯಿರಿ. ಗಾಳ ತಳದಲ್ಲಿ ಸಿಕ್ಕಿದಾಗಲೂ ಕೋಲನ್ನು ಬಾಗಿಸಿ ಜಗ್ಗದೆ, ದಾರದ ನೇರಕ್ಕೆ ಚಾಚಿ, ಮುಖ ತಿರುಗಿಸಿಕೊಂಡು ನಿಧಾನವಾಗಿ ಎಳೆಯಿರಿ. ಕನ್ನಡಕವಿಲ್ಲದೆ ದೋಣಿ ಹತ್ತಲೇಬೇಡಿ. ಮೂರು ಮೊನೆಯದರ ಬದಲು ಒಂಟಿ ಗಾಳ ಕಟ್ಟಿ, ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಬಿಟ್ಟರೆ, ಚುಚ್ಚಿಕೊಂಡರೂ ಬಿಡಿಸುವುದು ಸುಲಭ.

ದಾರ ಸುತ್ತಿಕೊಂಡ ಪ್ರಶ್ನೆಗೆ: ಮೀನು ಯಾರ ಗಾಳದಲ್ಲಿದೆಯೋ ಅವರಿಗೇ ದಾರಿ. ಅವರು ಮೀನಿನ ಹಿಂದೆಯೇ ಕಟಕಟೆಯುದ್ದಕ್ಕೂ ನಡೆಯಬೇಕು, ಉಳಿದವರು ತಮ್ಮ ಕೋಲಿನ ಮೇಲಿನಿಂದಲೋ ಕೆಳಗಿನಿಂದಲೋ ಅವರನ್ನು ದಾಟಿಸಬೇಕು. ಸುತ್ತಿಕೊಂಡ ಮೇಲೆ ಜಗ್ಗಿದರೆ ಗಂಟು ಬಿಗಿಯುತ್ತದೆ. ಮೀನಿಲ್ಲದವರು ದಾರವನ್ನು ಸಡಿಲ ಬಿಟ್ಟು ಸಿಬ್ಬಂದಿಗಾಗಿ ಕಾಯಬೇಕು. ಯಾವುದಾದರೂ ದಾರವನ್ನು ಕತ್ತರಿಸಲೇಬೇಕಾದರೆ ಅದು ಮೀನಿಲ್ಲದವರದ್ದಾಗಿರಬೇಕು, ಇದಕ್ಕೆ ಬೇಸರಿಸಬಾರದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಇಷ್ಟೆಲ್ಲ ಎಚ್ಚರವಹಿಸಿಯೂ ಯಾರಿಗಾದರೂ ಚುಚ್ಚಿಕೊಂಡರೆ ಏನು ಮಾಡಬೇಕು?

ಉತ್ತರ 3:
ಮೊದಲು ದಾರ ಕತ್ತರಿಸಿ, ಲೂರ್‌ನ ಭಾರ ಗಾಯವನ್ನು ಜಗ್ಗದಂತೆ ಮಾಡಿ. ಕಣ್ಣಿಗೆ ಅಥವಾ ಅದರ ಸಮೀಪ ತಾಗಿದ್ದರೆ ಗಾಳವನ್ನು ಕೀಳಬೇಡಿ, ಒತ್ತಬೇಡಿ. ಗಾಳಕ್ಕೆ ತಾಗದಂತೆ ಕಾಗದದ ಲೋಟವನ್ನು ಕವುಚಿ ಕಟ್ಟಿ, ದೋಣಿಯನ್ನು ಕೂಡಲೇ ತಿರುಗಿಸುವಂತೆ ಕೇಳಿ. ಕುತ್ತಿಗೆ ಮತ್ತು ಕೀಲುಗಳ ಗಾಯವನ್ನೂ ವೈದ್ಯರಿಗೇ ಬಿಡಬೇಕು. ಬೆರಳ ಚರ್ಮಕ್ಕೆ ಚುಚ್ಚಿದ ಚಿಕ್ಕ ಗಾಳವನ್ನು ಅನುಭವಿ ಸಿಬ್ಬಂದಿ ದೋಣಿಯಲ್ಲೇ ತೆಗೆಯಬಲ್ಲರು, ಆದರೂ ದಡ ಸೇರಿದ ಮೇಲೆ ಧನುರ್ವಾತದ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿ.