ಗ್ಲೂಕೋಸ್ ಐಸೋಮರೇಸ್: ಕೊಳ್ಳುವುದೋ, ಬೆಳೆಸುವುದೋ?

ಕಲಬುರಗಿಯ ಎಂ.ಎಸ್ಸಿ. ವಿದ್ಯಾರ್ಥಿನಿ: ಕಿರುಸಂಶೋಧನೆಗೆ ಗ್ಲೂಕೋಸನ್ನು ಫ್ರಕ್ಟೋಸ್ ಆಗಿಸುವ ಈ ಕಿಣ್ವವನ್ನು ಕೊಳ್ಳಲೇ, ಮಣ್ಣಿನ ಬ್ಯಾಕ್ಟೀರಿಯವಾದ ಸ್ಟ್ರೆಪ್ಟೊಮೈಸಿಸ್‌ನಿಂದ ತೆಗೆಯಲೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಬೀದರಿನ ಉಪನ್ಯಾಸಕಿ: ನಾವು ಬೆಳೆಸಿದೆವು, ಅದರ ಹೆಮ್ಮೆ ನನಗಿದೆ. ಕಿಣ್ವ ತಯಾರಿಸುವಂತೆ ಬ್ಯಾಕ್ಟೀರಿಯವನ್ನು ಪ್ರಚೋದಿಸುವ ಸಕ್ಕರೆ, ಅಂದರೆ ಶುದ್ಧ ಕ್ಸೈಲೋಸ್, ಕೈಗೆಟುಕದ ಕಾರಣ ಗೋಧಿ ತೌಡನ್ನೇ ಹಾಕಿದೆವು. ಕಿಣ್ವವು ಕೋಶದೊಳಗೇ ಉಳಿಯುವುದರಿಂದ ಕೋಶ ಒಡೆಯಲೇಬೇಕು. ಶಬ್ದತರಂಗದಿಂದ ಕೋಶ ಒಡೆಯುವ ಸೋನಿಕೇಟರ್ ಇಲ್ಲದ ನಮಗೆ ಕೋಶಭಿತ್ತಿ ಒಡೆಯುವ ಕಿಣ್ವವಾದ ಲೈಸೋಜೈಮ್‌ಗೆ 3,800 ರೂಪಾಯಿ, ಫ್ರಕ್ಟೋಸ್ ಅಳೆಯಲು ಬಣ್ಣ ಬರಿಸುವ ಕಾರ್ಬಜೋಲ್‌ಗೆ 2,150, ಹೈದರಾಬಾದಿನಿಂದ ಐಸ್ ಡಬ್ಬಿಯನ್ನು ಬಸ್ಸಿನಲ್ಲಿ ತರಿಸಲು 340 ತಗುಲಿತು. ಆದರೆ ಕಿಣ್ವ ಶಾಖಕ್ಕೆ ಜಗ್ಗದ್ದರಿಂದ, ಸಾರವನ್ನು 60 ಡಿಗ್ರಿಯಲ್ಲಿ ಇಟ್ಟಾಗ ಬೇರೆ ಪ್ರೋಟೀನುಗಳು ಬಹಳಷ್ಟು ಗರಣೆಗಟ್ಟಿ ತಳಕ್ಕಿಳಿದವು. ಕೊಂಡವರಿಗೆ ಈ ಪಾಠ ಎಲ್ಲಿ ಸಿಗಬೇಕು?

ಕಲಬುರಗಿಯ ಪ್ರಯೋಗಾಲಯ ಸಹಾಯಕ: ಮೇಡಂ ಅವರೇ, ಕೊಂಡವರ ನೋವು ಬೇರೆ. ಬಟ್ಟಿ ಇಳಿಸಿದ ನೀರನ್ನು ಉಳಿಸಬೇಕೆಂದು ನಮ್ಮ ಮೇಲಿನವರು ಬೋರ್‌ವೆಲ್ ನೀರಿನಲ್ಲೇ ಬಫರ್ (ಆಮ್ಲ-ಕ್ಷಾರ ಮಟ್ಟ ಕಾಯುವ ದ್ರಾವಣ) ಮಾಡಿಸಿದರು. ಸುಣ್ಣಕಲ್ಲಿನ ಸೀಮೆಯ ಗಡಸು ನೀರು ಅದು. ಕ್ಯಾಲ್ಸಿಯಂ ಈ ಕಿಣ್ವಕ್ಕೆ ವೈರಿ, ಮೆಗ್ನೀಸಿಯಂ ಕೂರಬೇಕಾದ ಜಾಗವನ್ನು ಅದು ಹಿಡಿದುಬಿಡುತ್ತದೆ. 11,400 ರೂಪಾಯಿಯ ಸೀಸೆ ನೀರುಪಾಲಾಯಿತು, ಬೈಗುಳ ಮಾತ್ರ ನನ್ನ ಪಾಲಿಗೆ ಬಂತು. ಅಂದ ಹಾಗೆ, ಕ್ಷಾರೀಯ ಬಫರಿನಲ್ಲಿ ಬಿಸಿಯಾದ ಗ್ಲೂಕೋಸ್ ಕಿಣ್ವವಿಲ್ಲದೆಯೂ ಸ್ವಲ್ಪ ಫ್ರಕ್ಟೋಸ್ ಆಗುತ್ತದೆ. ಹೋಲಿಕೆಗೆ ಕಿಣ್ವ ಹಾಕದ ನಳಿಕೆಯನ್ನು ತಾವು ಇಟ್ಟಿದ್ದಿರೇ?

ಬೀದರಿನ ಉಪನ್ಯಾಸಕಿ: ಇಟ್ಟಿದ್ದೆವು. ಕುದಿಸಿ ಕೆಡಿಸಿದ ಕಿಣ್ವದ ನಳಿಕೆಯನ್ನೂ ಇಟ್ಟಿದ್ದೆವು. ಹತ್ತು ವರ್ಷ ಪಾಠ ಮಾಡಿದವಳಿಗೆ ಇದನ್ನು ಕೇಳಬೇಕಿರಲಿಲ್ಲ.

ಯಾದಗಿರಿಯ ಸಂಶೋಧಕ: ಇಬ್ಬರೂ ಕಾರ್ಬಜೋಲ್ ವಿಧಾನವನ್ನು ಪ್ರಶ್ನಿಸದಿರುವುದೇ ನನಗೆ ಸೋಜಿಗ. ಗಂಧಕಾಮ್ಲದಲ್ಲಿ ಬಣ್ಣ ಬರಿಸಿ 560 ನ್ಯಾನೋಮೀಟರ್ ತರಂಗದ ಬೆಳಕಿನಲ್ಲಿ ಓದುವ ಆ ವಿಧಾನ ನನ್ನ ಎರಡು ಅಂಗಿಗಳನ್ನು ತಿಂದಿದೆ. ನಾನು ಫ್ರಕ್ಟೋಸನ್ನು ಸಾರ್ಬಿಟಾಲ್ ಆಗಿಸುವ ಸಾರ್ಬಿಟಾಲ್ ಡಿಹೈಡ್ರೋಜಿನೇಸ್ ಕಿಣ್ವವನ್ನು ಜೋಡಿಸಿ, ಅದು ಬಳಸುವ ಎನ್‌ಎಡಿಎಚ್ ಕಡಿಮೆಯಾಗುವುದನ್ನು 340 ನ್ಯಾನೋಮೀಟರಿನಲ್ಲಿ ಅಳೆದೆ. ದುಬಾರಿ ನಿಜ, ಆದರೆ ಕೈ ಸುಡಲಿಲ್ಲ. ಸೀಸೆಯಲ್ಲಿ ಮಿಕ್ಕ ಕಿಣ್ವವೂ ವ್ಯರ್ಥವಲ್ಲ: ಸುಲಭವಾಗಿ ಹರಳುಗಟ್ಟುವುದರಿಂದ ಹರಳಿನಿಂದ ಪ್ರೋಟೀನಿನ ರಚನೆ ತಿಳಿಯುವ ಎಕ್ಸ್-ಕಿರಣ ಹರಳುಶಾಸ್ತ್ರ ಕಲಿಯುವವರಿಗೆ ಇದೂ ಒಂದು ಅಭ್ಯಾಸದ ಪ್ರೋಟೀನು.

ಕಲಬುರಗಿಯ ಪ್ರಯೋಗಾಲಯ ಸಹಾಯಕ: ನಮ್ಮಲ್ಲಿ ಇಡೀ ವಿಭಾಗಕ್ಕೆ ಇರುವುದು ಬಣ್ಣದ ಗಾಢತೆ ಅಳೆಯುವ ಒಂದು ಕಲರಿಮೀಟರ್, ಅದರಲ್ಲಿ 340 ಓದಲಾಗದು. ಎಕ್ಸ್-ಕಿರಣದ ಮಾತು ಆಮೇಲಾಗಲಿ ಸರ್. ನಿಮ್ಮ ಬಫರಿನಲ್ಲಿ ಕಿಣ್ವವನ್ನು ಚುರುಕುಗೊಳಿಸಲು ಹಾಕುವ ಕೋಬಾಲ್ಟ್ ಇತ್ತೇ? ಇದ್ದರೆ, ಆ ವಿಷದ ನೀರನ್ನು ಎಲ್ಲಿ ಚೆಲ್ಲಿದಿರಿ?

ಯಾದಗಿರಿಯ ಸಂಶೋಧಕ: ಕೋಬಾಲ್ಟ್ ಹಾಕಲೇ ಇಲ್ಲ, ಮೆಗ್ನೀಸಿಯಂ ಒಂದೇ ಸಾಕಾಯಿತು. ಬಣ್ಣದ ಆಮ್ಲವನ್ನು ತಾವು ಎಲ್ಲಿ ಚೆಲ್ಲುತ್ತೀರಿ ಎಂಬುದನ್ನು ಮೊದಲು ಹೇಳಿ.