ಪದಚರ್ಚೆ: ಹಲ್ಲು ಕಿತ್ತ ಕೋವಿಗೆ ಏನೆನ್ನೋಣ?

ನಮಸ್ಕಾರ. ಹಳೆಯ ಸೈನಿಕ ತರಬೇತಿ ರೈಫಲ್‌ಗಳ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಹೆಚ್ಚಿನವು ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ವಂಶದವು, ಅಂದರೆ ‘ತ್ರೀ ನಾಟ್ ತ್ರೀ’ ಅಂತ ಎಲ್ಲರ ಬಾಯಲ್ಲೂ ಇರುವ .303 ರೈಫಲ್. ಬೇಟೆ ಕೋವಿಯಾದರೆ ಬರೆಯುವುದು ಸುಲಭ. ನಳಿಕೆ, ತೋಟೆ, ಈಡು, ಗುರಿ ಹೀಗೆ ಬಳಸಿ ಬಳಸಿ ನುಣುಪಾದ ಮಾತುಗಳಿವೆ. ತರಬೇತಿ ಕೋವಿ ಎದುರಾದಾಗ ಮಾತ್ರ ಪೆನ್ನು ನಿಂತುಬಿಡುತ್ತದೆ.

ಮೊದಲ ತೊಡಕು ‘ಡಿ.ಪಿ.’. ಕೋವಿಯ ಮೇಲೆ ಈ ಎರಡಕ್ಷರ ಒತ್ತಿರುತ್ತಾರೆ. ಡ್ರಿಲ್ ಪರ್ಪಸ್ ಅಂತ ಅರ್ಥ. ಸವೆದು, ಗುಂಡು ಹಾರಿಸಲು ಯೋಗ್ಯವಲ್ಲದ ರೈಫಲನ್ನು ಕವಾಯತಿಗೆ ಇಟ್ಟುಕೊಂಡಾಗ ಬೀಳುವ ಮುದ್ರೆ ಇದು. ಸಾಮಾನ್ಯವಾಗಿ ಫೈರಿಂಗ್ ಪಿನ್ನಿನ, ಅಂದರೆ ತೋಟೆಯ ಬುಡಕ್ಕೆ ಬಡಿದು ಅದನ್ನು ಸಿಡಿಸುವ ಮೊಳೆಯ, ತುದಿ ಕತ್ತರಿಸುತ್ತಾರೆ. ಕೆಲವಕ್ಕೆ ತೋಟೆ ಕೂರುವ ಜಾಗದಲ್ಲೇ ಅಡ್ಡಲಾಗಿ ತೂತು ಕೊರೆದಿರುತ್ತಾರೆ. ದೂರದಿಂದಲೇ ಗೊತ್ತಾಗಲಿ ಅಂತ ಮರದ ಮೇಲೆ ಬಿಳಿ ಪಟ್ಟೆ ಬಳಿದಿರುವುದೂ ಉಂಟು. ಆದರೂ ಬೋಲ್ಟ್, ಅಂದರೆ ತೋಟೆಯನ್ನು ಒಳಗೆ ತಳ್ಳಿ ನಳಿಕೆಯ ಹಿಂಬದಿ ಮುಚ್ಚುವ ಅಗುಳಿ, ಹಿಂದೆ ಮುಂದೆ ಓಡುತ್ತದೆ, ಟ್ರಿಗರ್ ಎಳೆದರೆ ಟಕ್ ಎನ್ನುತ್ತದೆ. ಅಷ್ಟು ಬೇಕೇ ಬೇಕು. ಬೋಲ್ಟ್ ಎಳೆದು ತೋರಿಸುವುದೂ ಕವಾಯತಿನ ಪಾಠವೇ ಅಲ್ವಾ?

ಇದಕ್ಕೆ ಕೆಲವರು ‘ಅಣಕು ಬಂದೂಕು’ ಎಂದು ಬರೆಯುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಎರಡನೇ ಮಹಾಯುದ್ಧದಲ್ಲಿ ನಿಜವಾದ ರೈಫಲ್‌ಗಳು ಸಾಲದೆ ಅಮೆರಿಕದ ನೌಕಾಪಡೆಗೆ ಪ್ಯಾರಿಸ್-ಡನ್ ಕಂಪನಿ ತರಬೇತಿಗೆಂದೇ ರೈಫಲ್ ಮಾಡಿಕೊಟ್ಟಿತು. ನೋಡಲು ಅಮೆರಿಕದ ಸೇನೆಯ ಸ್ಪ್ರಿಂಗ್‌ಫೀಲ್ಡ್ ರೈಫಲ್ ಥರ ಇರುತ್ತದೆ, ಗುಂಡು ಮಾತ್ರ ಹಾರುವುದಿಲ್ಲ. ಅಣಕು ಅಂದರೆ ಅದು. ಡಿ.ಪಿ. ಹಾಗಲ್ಲ. ಅದು ಹುಟ್ಟಿದ್ದು ಅಸಲಿ ರೈಫಲ್ ಆಗಿ. ಯುದ್ಧವನ್ನೂ ಕಂಡಿರಬಹುದು. ಆಮೇಲೆ ಅದರ ಶಕ್ತಿ ತೆಗೆದಿದ್ದಾರೆ, ಅಷ್ಟೆ.

‘ಗೊಡ್ಡು ಕೋವಿ’ ಎಂದು ಬರೆದು ನೋಡಿದೆ. ಆದರೆ ಗೊಡ್ಡು ಹಸು ಅಂದರೆ ಈಯದ ಹಸು. ಇದು ಈಡು ಹಾರಿಸಿ ನಿಂತದ್ದು. ‘ಹಲ್ಲು ಕಿತ್ತ ಹಾವು’ ಎನ್ನುವ ಮಾತು ಇಲ್ಲಿಗೆ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ! ಪಿನ್ನಿನ ತುದಿ ಕತ್ತರಿಸುವುದು ಅಕ್ಷರಶಃ ಹಲ್ಲು ಕೀಳುವ ಕೆಲಸವೇ. ಶೀರ್ಷಿಕೆಗೆ ಚೆನ್ನ, ಪ್ರತಿ ಸಾಲಿನಲ್ಲೂ ಬರೆದರೆ ತಮಾಷೆಯಾಗುತ್ತದೆ. ಸದ್ಯಕ್ಕೆ ‘ಕವಾಯತು ಕೋವಿ’ ಎಂದು ಇಟ್ಟುಕೊಂಡಿದ್ದೇನೆ. ಕವಾಯತು ಅರಬ್ಬಿಯ ‘ಕವಾಇದ್’ನಿಂದ ಬಂದದ್ದು, ಅದರ ಏಕವಚನವೇ ನಮ್ಮ ‘ಕಾಯಿದೆ’. ಕಾಯಿದೆಗಳೆಲ್ಲ ಸೇರಿದರೆ ಕವಾಯತು. ಸಿಪಾಯಿಗಳು ನಗಬಹುದು. ಆದರೆ ಈ ಹೆಸರಿನಲ್ಲಿ ಕೋವಿಯ ಕೆಲಸ ತಿಳಿಯುತ್ತದೆ, ಅದು ಕಳೆದುಕೊಂಡದ್ದು ತಿಳಿಯುವುದಿಲ್ಲ.

ಎರಡನೆಯದು ಇನ್ನೂ ಮಜವಾಗಿದೆ. ಗುರಿ ಕಲಿಸಲು .22 ಎಂಬ ಪುಟ್ಟ ತೋಟೆ ಹಾರಿಸುವ ಲೀ-ಎನ್‌ಫೀಲ್ಡ್‌ಗಳಿದ್ದವು. ಗಾತ್ರ, ಹಿಡಿತ ಎಲ್ಲ ದೊಡ್ಡಣ್ಣ .303ರಂತೆಯೇ. ಕೆಳಗೆ ತೋಟೆ ತುಂಬಿಡುವ ಮ್ಯಾಗಜೀನ್ ಪೆಟ್ಟಿಗೆಯೂ ಇದೆ. ಒಳಗೆ ನೋಡಿದರೆ ಸ್ಪ್ರಿಂಗ್ ಇಲ್ಲ, ತೋಟೆ ಎತ್ತುವ ತಗಡಿಲ್ಲ, ಸುಮ್ನೆ ಖಾಲಿ ಡಬ್ಬ. ತೋಟೆಯನ್ನು ಒಂದೊಂದಾಗಿ ಕೈಯಲ್ಲೇ ಇಡಬೇಕು. ಹಾರಿಸಿದ ಮೇಲೆ ಖಾಲಿ ಕೊಳವೆ ಈ ಡಬ್ಬದೊಳಗೆ ಬೀಳುತ್ತದೆ. ಅಂದರೆ ಉಣಿಸುವ ಪೆಟ್ಟಿಗೆ ಎಂಜಲು ಬುಟ್ಟಿಯಾಗಿದೆ! ನಾನು ಮ್ಯಾಗಜೀನಿಗೆ ‘ತೋಟೆಗೂಡು’ ಎಂದು ಬರೆದಿದ್ದೆ, ಇಲ್ಲಿ ಅದು ಕೈಕೊಟ್ಟಿತು. ಮ್ಯಾಗಜೀನ್ ಮೂಲವೂ ಅರಬ್ಬಿಯೇ. ಮಖ್ಜನ್ ಅಂದರೆ ಉಗ್ರಾಣ, ನಮ್ಮ ‘ಖಜಾನೆ’ಯೂ ಅದೇ ಧಾತುವಿನದು. ಏನನ್ನು ಕೂಡಿಟ್ಟರೂ ಉಗ್ರಾಣವೇ ತಾನೆ, ಹಾಗಾಗಿ ಮ್ಯಾಗಜೀನ್ ಎಂದೇ ಬಿಡುವುದು ಒಳ್ಳೆಯದು ಅನ್ನಿಸುತ್ತಿದೆ.

ಇನ್ನು ‘ಕಟ್-ಆಫ್’. ಮ್ಯಾಗಜೀನ್ ಮೇಲೆ ಅಡ್ಡ ಸರಿಯುವ ತಗಡು. ಒಳಗಿನ 10 ತೋಟೆ ಆಪತ್ತಿಗೆ ಇರಲಿ, ಸದ್ಯಕ್ಕೆ ಒಂದೊಂದೇ ಹಾಕಿ ಹೊಡಿ ಎನ್ನುವ ಕಾಲದ್ದು. ಮೊದಲ ಮಹಾಯುದ್ಧದ ಅವಸರದಲ್ಲಿ ಇದನ್ನು ಕೈಬಿಟ್ಟರು. ಅದಕ್ಕೇ ಕೆಲವು ಕೋವಿಗಳಲ್ಲಿ ಸೀಳು ಇದೆ, ತಗಡು ಇಲ್ಲ. ನೋಡಿದವರು ತಲೆ ಕೆರೆದುಕೊಳ್ಳುತ್ತಾರೆ. ‘ಅಡ್ಡತಗಡು’ ಎಂದರೆ ಸಾಕಲ್ವಾ? ಹಿಡಿಯ ಮರದಲ್ಲಿ ಕೂರಿಸಿದ, ಪಡೆಯ ಗುರುತು ಕೆತ್ತಿರುವ ಹಿತ್ತಾಳೆ ಚಕ್ರಕ್ಕೆ ಹೆಚ್ಚು ಯೋಚಿಸಲಿಲ್ಲ. ‘ಬಿಲ್ಲೆ’ ತಾನಾಗಿ ಬಂತು.

ಮೂತಿಯ ಹತ್ತಿರ ಒಂದು ಬಾಯಿ ತೆರೆದ ಕೊಂಡಿ ಇರುತ್ತದೆ. ಹೆಗಲಿಗೆ ಹಾಕುವ ಬೆಲ್ಟಿಗೆ ಅಲ್ಲ. ಮೂರು ರೈಫಲ್‌ಗಳನ್ನು ಕೊಂಡಿಗೆ ಕೊಂಡಿ ಸಿಕ್ಕಿಸಿ, ಬುಡ ಅಗಲಿಸಿ, ಒಂದಕ್ಕೊಂದು ಒರಗಿಸಿ ನಿಲ್ಲಿಸಲು. ಕೊಯ್ದ ಎಳ್ಳಿನ ಕಟ್ಟುಗಳನ್ನು ಹೀಗೆ ನಿಲ್ಲಿಸುವುದಕ್ಕೆ ‘ಗೂಡು ಹಾಕುವುದು’ ಎನ್ನುವುದನ್ನು ಕೇಳಿದ್ದೇನೆ. ಹಾಗಾದರೆ ಇದು ‘ಗೂಡುಕೊಂಡಿ’. ಸ್ವಲ್ಪ ಜಾಸ್ತಿಯಾಯಿತೇ?

ಕೊನೆಗೆ ಒಂದು ಜಗಳ. ‘ಕುದುರೆ’ ಯಾವುದು? ಕೇಪಿನ ಕೋವಿಯಲ್ಲಿ (ಪುಟ್ಟ ಸಿಡಿಮದ್ದಿನ ಟೊಪ್ಪಿಗೆ ಬಡಿದು ಹಾರಿಸುವ ಹಳೆಯ ಕೋವಿ) ಹಿಂದಕ್ಕೆ ಎತ್ತಿ, ಬಿಟ್ಟಾಗ ಬಂದು ಬಡಿಯುವ ಸುತ್ತಿಗೆಯೇ ಕುದುರೆ ಎಂದು ನಾನು ತಿಳಿದಿದ್ದೆ. ಆದರೆ ಬೆರಳಿನಲ್ಲಿ ಎಳೆಯುವ ಟ್ರಿಗರಿಗೂ ಅದನ್ನೇ ಬಳಸುವವರಿದ್ದಾರೆ. ಬೋಲ್ಟ್ ರೈಫಲಿನಲ್ಲಿ ಹೊರಗೆ ಸುತ್ತಿಗೆಯೇ ಇಲ್ಲ, ಬೋಲ್ಟಿನ ಬಾಲದಲ್ಲಿ ಒಂದು ಗುಬಟು ಇರುತ್ತದೆ, ಎಳೆದು ಸಜ್ಜು ಮಾಡುವುದು ಅದನ್ನೇ. ಕುದುರೆಯನ್ನು ಆ ಗುಬಟಿಗೆ ಕೊಟ್ಟು ಟ್ರಿಗರನ್ನು ಟ್ರಿಗರ್ ಎಂದೇ ಬಿಡಲೇ? ಕೋವಿ ಹಿಡಿದು ಪಳಗಿದವರ ಮನೆಗಳಲ್ಲಿ ಏನನ್ನುತ್ತಾರೆ, ದಯವಿಟ್ಟು ತಿಳಿಸಿ. ಡಿ.ಪಿ.ಗೆ ಕವಾಯತು ಕೋವಿಗಿಂತ ಒಳ್ಳೆಯ ಹೆಸರು ಹೊಳೆದರೆ ಅದನ್ನೂ.