ದಿನಸಿಗೆ 3000 ರೂಪಾಯಿ, ಅದರಲ್ಲೇ ಮರಾಠಿ ಮೊಗ್ಗೂ ಬೇಕು!

ಬಾಡಿಗೆಮನೆ ಬಾಣಸಿಗ:
ನಾನು, ರೂಮ್‌ಮೇಟ್ ಇಬ್ಬರೂ ಸೇರಿ ತಿಂಗಳ ದಿನಸಿಗೆ 3000 ಎತ್ತಿಡುತ್ತೇವೆ. ಅಕ್ಕಿ, ಬೇಳೆ, ಎಣ್ಣೆಗೇ ಅದು ಮುಗಿಯುತ್ತದೆ. ಆದರೆ ಬಿಸಿಬೇಳೆ ಬಾತ್ ಮಾಡಿದರೆ ಅಮ್ಮ ಮಾಡಿದ ಹಾಗೇ ಘಮ ಅನ್ನಬೇಕು ಅಂತ ನನಗೊಂದು ಹಟ. ಹೋದ ತಿಂಗಳು ಅದರ ಮಸಾಲೆಗೆ ಮರಾಠಿ ಮೊಗ್ಗು, ಕಲ್ಲುಹೂವು, ಜಾಪತ್ರೆ, ಬ್ಯಾಡಗಿ ಮೆಣಸಿನಕಾಯಿ ಅಂತ ಸೂಪರ್‌ಮಾರ್ಕೆಟ್‌ನಲ್ಲಿ ಒಂದೊಂದು ಪ್ಯಾಕೆಟ್ ತೆಗೆದುಕೊಂಡೆ, ಬಿಲ್ ನೋಡಿ ಎದೆ ಧಸಕ್ ಅಂದಿತು. ಈಗ ಅರ್ಧಕ್ಕರ್ಧ ಹಾಗೇ ಬಿದ್ದಿದೆ, ಮೆಣಸಿನಕಾಯಿಗೆ ಹುಳ ಬೇರೆ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಒಗ್ಗರಣೆ ಡಬ್ಬಿ:
ಪ್ಯಾಕೆಟ್ ಬಿಡಿ, ಮಸಾಲೆ ಸಾಮಾನು ಬಿಡಿಯಾಗಿ ತೂಗಿ ಕೊಡುವ ಗ್ರಂಧಿಗೆ ಅಂಗಡಿಗೆ ಹೋಗಿ. ಬೆಂಗಳೂರಾದರೆ ಕೆ.ಆರ್. ಮಾರ್ಕೆಟ್ ಸುತ್ತಮುತ್ತ, ಮೈಸೂರಾದರೆ ದೇವರಾಜ ಮಾರುಕಟ್ಟೆ ಕಡೆ. "20 ರೂಪಾಯಿಗೆ ಮರಾಠಿ ಮೊಗ್ಗು ಕೊಡಿ" ಅಂದರೂ ಪೊಟ್ಟಣ ಕಟ್ಟಿಕೊಡುತ್ತಾರೆ, ಸಂಕೋಚ ಬೇಡ. ಇಬ್ಬರಿಗೆ ಎರಡು ಮೊಗ್ಗು ಧಾರಾಳ. ಕಲ್ಲುಹೂವು ಗಾಳಿಯಷ್ಟು ಹಗುರ, 25 ಗ್ರಾಂ ತಂದರೆ ನಿಮ್ಮಂಥವರಿಗೆ ವರ್ಷ ಸಾಗುತ್ತದೆ. ಪುಡಿ ಮಾತ್ರ ಕೊಳ್ಳಬೇಡಿ, ಘಮ ಬೇಗ ಹೋಗುತ್ತದೆ. ಇಡಿಯಾಗಿಟ್ಟು ಬೇಕಾದಾಗ ಹುರಿದು ಪುಡಿ ಮಾಡಿಕೊಳ್ಳಿ. ಜಾಪತ್ರೆ ಇಲ್ಲದಿದ್ದರೂ ನಡೆಯುತ್ತದೆ. ಮರಾಠಿ ಮೊಗ್ಗು ಬಿಟ್ಟರೆ ಮಾತ್ರ ಅದು ಬಿಸಿಬೇಳೆ ಬಾತ್ ಅಲ್ಲ, ಸಾಂಬಾರನ್ನ.

ಹಾವೇರಿ ಹುಡುಗಿ:
ಬ್ಯಾಡಗಿ ಇರುವುದು ಬಣ್ಣಕ್ಕೆ, ಖಾರಕ್ಕಲ್ಲ. ಪೂರ್ತಿ ಅದನ್ನೇ ಹಾಕಿ ಖಾರ ಸಾಲದು ಅಂತ ಇನ್ನಷ್ಟು ಸುರಿದರೆ ದುಡ್ಡು ಹೋಯಿತು ಅಷ್ಟೇ. ನಾಲ್ಕು ಬ್ಯಾಡಗಿಗೆ ಒಂದು ಖಾರದ ಗುಂಟೂರು ಮೆಣಸಿನಕಾಯಿ ಸೇರಿಸಿ. ಹೊಸ ಮಾಲು ಬರುವ ಫೆಬ್ರವರಿ, ಮಾರ್ಚ್‌ನಲ್ಲಿ ತಂದು ಎರಡು ದಿನ ಒಳ್ಳೆ ಬಿಸಿಲು ಕಾಣಿಸಿ, ಗಾಳಿಯಾಡದ ಡಬ್ಬದಲ್ಲಿ ತುಂಬಿ ಫ್ರಿಜ್‌ನಲ್ಲಿಡಿ. ಇಂಗು ಕೂಡ ಪುಡಿಗಿಂತ ಗಟ್ಟಿಯದೇ ವಾಸಿ. ಪುಡಿಯಲ್ಲಿ ಸಾಮಾನ್ಯವಾಗಿ ಹಿಟ್ಟು, ಗೋಂದು ಜಾಸ್ತಿ ಇರುತ್ತದೆ.

ಹುಳಿಪ್ರಿಯ:
ಘಮ ಘಮ ಅಂತೀರಿ, ಹುಳಿಯನ್ನು ಯಾರೂ ಕೇಳುವುದಿಲ್ಲ ಅಲ್ವಾ! ಕೊಡಗಿನ ಕಾಚಂಪುಳಿ, ಅಂದರೆ ಹುಳಿ ಹಣ್ಣಿನ ರಸ ಕುದಿಸಿ ಮಂದ ಮಾಡಿದ್ದು, ಒಂದು ಸಣ್ಣ ಬಾಟಲಿ ತಂದಿಡಿ. ಕೊಳ್ಳುವಾಗ ದುಬಾರಿ ಅನಿಸುತ್ತದೆ, ಆದರೆ ಒಂದು ಸಲಕ್ಕೆ ಚಮಚ ಹಾಕಿದರೆ ಹೆಚ್ಚು, ವರ್ಷಗಟ್ಟಲೆ ಕೆಡುವುದಿಲ್ಲ. ಪಂದಿ ಕರಿಗೇ (ಹಂದಿ ಮಾಂಸದ ಸಾರು) ಆಗಬೇಕೆಂದಿಲ್ಲ, ನಾನು ಮೀನಿಗೂ ಹಾಕುತ್ತೇನೆ. ಕಪ್ಪಗೆ, ಮಂದವಾಗಿರಬೇಕು, ನೀರುನೀರಾಗಿದ್ದರೆ ವಾಪಸ್ ಇಟ್ಟು ಬನ್ನಿ. ಅಷ್ಟು ದುಡ್ಡಿಲ್ಲದಿದ್ದರೆ ಒಣ ಪುನರ್ಪುಳಿ (ಕೋಕಂ) ಸಿಪ್ಪೆ, ನಾಲ್ಕು ಚೂರಿಗೆ ಒಂದು ಸಾರು.

ಬಾಡಿಗೆಮನೆ ಬಾಣಸಿಗ:
ಥ್ಯಾಂಕ್ಸ್! ಈ ತಿಂಗಳು ಮೊಗ್ಗು, ಕಲ್ಲುಹೂವು ಮಾತ್ರ. ಕಾಚಂಪುಳಿ ಸಂಬಳ ಆದ ಮೇಲೆ ನೋಡೋಣ. ಭಾನುವಾರ ಮಾರ್ಕೆಟ್‌ಗೆ ಹೊರಟಿದ್ದೇನೆ. ಅಂದ ಹಾಗೆ, ಹುಳ ಬಂದ ಮೆಣಸಿನಕಾಯಿ ಬಿಸಿಲಿಗೆ ಹಾಕಿದರೆ ಉಳಿಯುತ್ತಾ?

ಹಾವೇರಿ ಹುಡುಗಿ:
ಎಸೆಯಿರಿ ಮಾರಾಯರೇ. ಮತ್ತೆ ಭಾನುವಾರ ಬೇಡ, ಎಷ್ಟೋ ಅಂಗಡಿ ಮುಚ್ಚಿರುತ್ತವೆ.